ಎರಡು ಸೂರ್ಯೋದಯಗಳ ಹಾದಿ

ಊರಿನಿಂದೂರಿಗೆ ದೂರವೆಷ್ಟೆಂದು ಕೇಳಿದರೆ ನಮ್ಮ ಹಿರಿಯರು ಮೈಲಿಯ ಲೆಕ್ಕವನ್ನು ಹೇಳುತ್ತಿರಲಿಲ್ಲ. ಒಂದು ಹಗಲಿನ ದಾರಿ, ಎರಡು ದಿನದ ಪಯಣವೆಂದು ಹೊತ್ತಿನಿಂದಲೇ ಅಳೆಯುತ್ತಿದ್ದರು. ವಿಮಾನಯಾನದ ಚರಿತ್ರೆಯನ್ನು ನೋಡಿದರೆ ಆ ಅಳತೆಯೇ ಹೆಚ್ಚು ಸರಿಯೆಂದು ನಮಗೆ ತೋರುತ್ತದೆ.

1942ರ ಫೆಬ್ರವರಿಯಲ್ಲಿ ಸಿಂಗಪುರವು ಜಪಾನೀಯರ ವಶವಾಗಲು, ಆಸ್ಟ್ರೇಲಿಯಕ್ಕೂ ಇಂಗ್ಲೆಂಡಿಗೂ ಇದ್ದ ವಿಮಾನಮಾರ್ಗವು ಕಡಿದುಹೋಯಿತು. ಅದನ್ನು ಮತ್ತೆ ಜೋಡಿಸಬೇಕಾದರೆ ಹಿಂದೂ ಮಹಾಸಾಗರವನ್ನು ಎಲ್ಲಿಯೂ ಇಳಿಯದೆ ಒಂದೇ ಉಸಿರಿಗೆ ದಾಟಬೇಕಾಗಿದ್ದಿತು. 1943ರಲ್ಲಿ ಕ್ವಾಂಟಾಸ್ ಸಂಸ್ಥೆಯು ಈ ಕಾರ್ಯಕ್ಕೆ ಕೈಹಾಕಿತು. ಒಂದು ಕೊನೆ ಪರ್ತ್ ನಗರದ ಸ್ವಾನ್ ನದಿ. ಇನ್ನೊಂದು ಸಿಂಹಳದ ಗಾಲೆಯ ಬಳಿಯ ಕೊಗ್ಗಲ ಸರೋವರ. ನೀರೇ ಅಲ್ಲಿ ವಿಮಾನ ನಿಲ್ದಾಣ. ಏಕೆಂದರೆ ಹಾರಿದುವು ಕ್ಯಾಟಲಿನಾ ಎಂಬ ಹಾರುವ ದೋಣಿಗಳು. ನಡುವಣ ದೂರ ಸುಮಾರು 3,500 ಮೈಲಿ.

ಇಷ್ಟು ದೂರಕ್ಕೆ ಬೇಕಾದ ಎಣ್ಣೆಯನ್ನು ತುಂಬಿಕೊಂಡರೆ ಉಳಿದ ಭಾರಕ್ಕೆ ಎಡೆಯೆಲ್ಲಿ? ಪ್ರಯಾಣಿಕರು ಮೂವರು, ಅಂಚೆಯು ಸುಮಾರು 150 ಪೌಂಡು, ಅಷ್ಟೆ. ಹೊರಟ ಮೊದಲ ಹಲವು ಗಂಟೆಗಳಲ್ಲಿ ಎರಡು ಎಂಜಿನುಗಳಲ್ಲಿ ಒಂದು ಕೆಟ್ಟರೂ ಆ ಭಾರದೊಡನೆ ಆಕಾಶದಲ್ಲಿ ನಿಲ್ಲುವಂತಿರಲಿಲ್ಲ. ಶತ್ರುವಿಮಾನಗಳ ಭಯವಿದ್ದ ಭಾಗವನ್ನು ಕತ್ತಲೆಯಲ್ಲಿಯೇ ದಾಟಬೇಕು. ರೇಡಿಯೊ ಸಾಧಾರಣವಾಗಿ ಮೌನ. ರೇಡಿಯೊವನ್ನೇ ನಂಬಿ ಮಾತನಾಡುವ ನಮಗೆ ಆ ಮೌನದ ಭಾರವು ಚೆನ್ನಾಗಿ ಅರಿವಾಗುತ್ತದೆ! ದಾರಿ ತೋರಿಸಲು ನಕ್ಷತ್ರಗಳೇ ಗತಿ. ಐದು ವಿಮಾನಗಳಿಗೂ ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು: ಆಲ್ಟೇರ್, ವೀಗಾ, ರೈಜಲ್, ಆಂಟರೀಸ್, ಸ್ಪೈಕಾ. ಇವುಗಳಲ್ಲಿ ನಾಲ್ಕನ್ನು ನಮ್ಮ ಪಂಚಾಂಗವು ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ ಎಂದು ಬಲ್ಲುದು. ರೈಜಲ್ ಮಹಾವ್ಯಾಧನ ಕಾಲಿನ ಚುಕ್ಕೆ.

ಹಿಡಿಯುತ್ತಿದ್ದ ಕಾಲವು ಗಾಳಿಯ ಅನುಗ್ರಹವನ್ನು ಅವಲಂಬಿಸಿದ್ದಿತು. ಸಾಮಾನ್ಯವಾಗಿ 27ರಿಂದ 33 ಗಂಟೆ. ಅತಿ ದೀರ್ಘವಾದ ಒಂದು ಹಾರಾಟವು 32 ಗಂಟೆ 9 ನಿಮಿಷ ಹಿಡಿಯಿತೆಂದು ದಾಖಲೆಯಿದೆ. ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯೋದಯವನ್ನು ಕಂಡ ಪ್ರಯಾಣಿಕರಿಗೆ ‘ಇಬ್ಬಗೆಯ ಸೂರ್ಯೋದಯದ ಗುಪ್ತ ಸಂಘ’ದ ಸದಸ್ಯರೆಂದು ಒಂದು ಪ್ರಮಾಣಪತ್ರವನ್ನೂ ಕೊಡುತ್ತಿದ್ದರು. ಮೂವತ್ತು ಗಂಟೆ ಎಂಜಿನಿನ ಗರ್ಜನೆಯನ್ನು ಸಹಿಸಿದವರಿಗೆ ಅದು ಅಲ್ಪ ಬಹುಮಾನವೆಂದೇ ಹೇಳಬೇಕು.

2018ರ ಮಾರ್ಚಿಯಲ್ಲಿ ಅದೇ ಪರ್ತ್‌ನಿಂದ ಲಂಡನ್ನಿಗೆ ನಡುವೆ ಇಳಿಯದ ಸಂಚಾರವು ಮೊದಲಾಯಿತು. ದೂರ ಸುಮಾರು 9,000 ಮೈಲಿ. ಕಾಲ ಹದಿನೇಳು ಗಂಟೆಗಳ ಆಸುಪಾಸು. ದಾರಿ ಎರಡೂವರೆ ಪಟ್ಟಾಗಿದ್ದರೂ ಹೊತ್ತು ಅರ್ಧಕ್ಕೆ ಇಳಿದಿದೆ. ಹೀಗಿರಲು, ನಮ್ಮ ಹಿರಿಯರ ಲೆಕ್ಕದಲ್ಲಿ ಪರ್ತ್‌ಗೆ ಅಂದಿನ ಸಿಂಹಳಕ್ಕಿಂತ ಇಂದಿನ ಲಂಡನ್ನೇ ಹತ್ತಿರ.

1945ರ ಜುಲೈವರೆಗೆ ಆ ಹಾರುವ ದೋಣಿಗಳು 271 ಸಲ ಸಾಗರವನ್ನು ದಾಟಿದುವು, ಒಂದೂ ಕಳೆದುಹೋಗಲಿಲ್ಲ. ಯುದ್ಧವು ಮುಗಿದ ಮೇಲೆ, ಅವುಗಳನ್ನು ಎರವಲು ಕೊಟ್ಟಿದ್ದ ಅಮೆರಿಕದೊಡನೆ ಆಗಿದ್ದ ಕರಾರಿನಂತೆ, ಐದನ್ನೂ ಸಮುದ್ರದಲ್ಲಿ ಮುಳುಗಿಸಿಬಿಟ್ಟರು.