ಒಂದೇ ವಿಳಾಸ, ನೂರಾರು ಜನ

ಅಂಚೆಗೆ ಮನೆ ವಿಳಾಸ ಬೇಕಾದಂತೆ ಅಂತರ್ಜಾಲದಲ್ಲಿ ಮಾಹಿತಿ ತಲುಪಲು ಐಪಿ ವಿಳಾಸ ಬೇಕು. 1981ರಲ್ಲಿ ಪ್ರಕಟವಾದ ನಾಲ್ಕನೆಯ ಆವೃತ್ತಿಯ ನಿಯಮದಂತೆ ಇದು 32 ಬಿಟ್‌ಗಳ ಸಂಖ್ಯೆ. ಅಂದರೆ ಒಟ್ಟು ಸುಮಾರು 429 ಕೋಟಿ ವಿಳಾಸಗಳು ಮಾತ್ರ. ಹೆಚ್ಚಾಗಿ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನಾ ಕೇಂದ್ರಗಳಷ್ಟೇ ಜಾಲದಲ್ಲಿದ್ದ ಆ ದಿನಗಳಲ್ಲಿ ಅದು ಬತ್ತದ ಬಾವಿಯಂತೆ ಕಂಡಿತ್ತು.

ಹತ್ತೇ ವರ್ಷಗಳಲ್ಲಿ ಕೊರತೆಯ ಭೀತಿ ಎದುರಾಯಿತು. 1994ರಲ್ಲಿ ಕೆಲ್ಡ್ ಎಗೆವಾಂಗ್ ಮತ್ತು ಪಾಲ್ ಫ್ರಾನ್ಸಿಸ್ ಎಂಬ ತಂತ್ರಜ್ಞರು 'ನ್ಯಾಟ್', ಅಂದರೆ ವಿಳಾಸ ಬದಲಾವಣೆಯ ವಿಧಾನವನ್ನು ವಿವರಿಸಿದರು. ಇದನ್ನು ವಿದ್ಯಾರ್ಥಿ ನಿಲಯಕ್ಕೆ ಹೋಲಿಸಬಹುದು. ನಿಲಯದ ಎಲ್ಲರಿಗೂ ಹೊರಗಿನ ವಿಳಾಸ ಒಂದೇ. ಬಂದ ಪತ್ರ ಯಾವ ಕೋಣೆಗೆ ಸೇರಬೇಕೆಂಬುದು ವಾರ್ಡನ್ನರ ಪುಸ್ತಕದಲ್ಲಿರುತ್ತದೆ. ಜಾಲದಲ್ಲಿ ಕೋಣೆ ಸಂಖ್ಯೆಯ ಕೆಲಸವನ್ನು 'ಪೋರ್ಟ್' ಸಂಖ್ಯೆ ಮಾಡುತ್ತದೆ.

2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದ ಕೊನೆಯ ಐದು ಕಂತುಗಳು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿಹೋದವು. ಭಾರತವೂ ಸೇರಿದ ಏಷ್ಯಾ-ಪೆಸಿಫಿಕ್ ವಲಯದಲ್ಲಿ ಅದೇ ಏಪ್ರಿಲ್‌ನಲ್ಲಿ ಮಾಮೂಲಿ ಹಂಚಿಕೆ ನಿಂತಿತು. ಒಂದು ಮನೆ, ಒಂದು ಕಚೇರಿಯೊಳಗಿದ್ದ ಹಂಚಿಕೆಯನ್ನು ಸೇವಾ ಕಂಪನಿಗಳು ಇಡೀ ಊರಿಗೇ ವಿಸ್ತರಿಸತೊಡಗಿದವು. ಇದೇ 'ಕ್ಯಾರಿಯರ್ ಗ್ರೇಡ್ ನ್ಯಾಟ್'. 2012ರ ಏಪ್ರಿಲ್‌ನಲ್ಲಿ ಇದಕ್ಕೆಂದೇ ಸುಮಾರು 42 ಲಕ್ಷ ವಿಳಾಸಗಳನ್ನು ಮೀಸಲಿಡಲಾಯಿತು. ಒಂದು ವಿಳಾಸಕ್ಕೆ 65,536 ಪೋರ್ಟ್‌ಗಳು. ಗ್ರಾಹಕನಿಗೆ ಸಾವಿರದಂತೆ ಕೊಟ್ಟರೆ ಅರವತ್ತಕ್ಕೂ ಹೆಚ್ಚು ಮಂದಿ ಒಂದೇ ವಿಳಾಸದಲ್ಲಿ ಇರಬಹುದು.

ಇಲ್ಲಿ ನ್ಯಾಯದ ಪ್ರಶ್ನೆ ಹುಟ್ಟುತ್ತದೆ. ಒಬ್ಬನ ತಪ್ಪಿಗೆ ವಿಳಾಸವನ್ನೇ ತಡೆದರೆ ಉಳಿದವರ ಗತಿಯೇನು? ಇಂತಹ ಪ್ರಸಂಗ ಮೊದಲೇ ನಡೆದಿತ್ತು. ಕತಾರ್ ದೇಶದ ಬಳಕೆದಾರರು ಪ್ರಾಕ್ಸಿ ವ್ಯವಸ್ಥೆಯ ಮೂಲಕ ಒಂದೇ ವಿಳಾಸದಿಂದ ಹೊರಬರುತ್ತಿದ್ದರು. ಕೆಲವರ ಕಿಡಿಗೇಡಿತನಕ್ಕಾಗಿ ವಿಕಿಪೀಡಿಯ 2007ರ ಹೊಸ ವರ್ಷದ ಹೊತ್ತಿಗೆ ಆ ವಿಳಾಸವನ್ನು ತಡೆದಾಗ, ಖಾತೆಯಿಲ್ಲದೆ ಬರೆಯುವ ಅವಕಾಶ ದೇಶಕ್ಕೇ ಕೆಲಕಾಲ ತಪ್ಪಿತು.

ತನಿಖೆಯಲ್ಲಿ ಅಪಾಯ ಇನ್ನೂ ದೊಡ್ಡದು. ಕೇವಲ ವಿಳಾಸ ಹಿಡಿದು ಹೊರಟರೆ ಸಂಶಯ ನಿರಪರಾಧಿಗಳ ಮೇಲೂ ಬೀಳುತ್ತದೆ. ಆದ್ದರಿಂದಲೇ 2011ರ ಜೂನ್‌ನ ಒಂದು ತಾಂತ್ರಿಕ ದಾಖಲೆ, ವಿಳಾಸದ ಜೊತೆಗೆ ಪೋರ್ಟ್ ಸಂಖ್ಯೆಯನ್ನೂ ನಿಖರ ಸಮಯವನ್ನೂ ಬರೆದಿಡಬೇಕೆಂದು ಜಾಲತಾಣಗಳಿಗೆ ಸಲಹೆ ನೀಡಿತು. ಪ್ರತಿ ಸಂಪರ್ಕವನ್ನೂ ದಾಖಲಿಸುವುದು ಕಂಪನಿಗಳಿಗೆ ಹೊರೆ. ಆದಕಾರಣ ಗ್ರಾಹಕನಿಗೆ ಮೊದಲೇ ಗೊತ್ತಾದ ಪೋರ್ಟ್‌ಗಳ ಗುಂಪನ್ನು ಕೊಡುವ ವಿಧಾನವನ್ನು 2014ರಲ್ಲಿ ಪ್ರಕಟಿಸಲಾಯಿತು. ಬೆಲ್ಜಿಯಂನ ಕಂಪನಿಗಳು 2012ರಲ್ಲಿ ಸ್ವಇಚ್ಛೆಯಿಂದ ಒಂದು ವಿಳಾಸಕ್ಕೆ 16 ಗ್ರಾಹಕರ ಮಿತಿಯನ್ನು ಒಪ್ಪಿಕೊಂಡವು. 2017ರಲ್ಲಿ ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ ಈ ಹಂಚಿಕೆಯನ್ನೇ ಕೊನೆಗೊಳಿಸಬೇಕೆಂದು ಕರೆ ನೀಡಿತು.

ಶಾಶ್ವತ ಪರಿಹಾರ 128 ಬಿಟ್‌ಗಳ ಆರನೆಯ ಆವೃತ್ತಿ. ಅದರ ನಿಯಮ 1995ರಲ್ಲೇ ಪ್ರಕಟವಾಗಿತ್ತು. ಆದರೂ ಹಳೆಯ ವಿಳಾಸವನ್ನಷ್ಟೇ ಬಲ್ಲ ತಾಣಗಳು ಇರುವವರೆಗೆ ಹಂಚಿಕೆ ತಪ್ಪದು.

ವಿಳಾಸವೆಂದರೆ ವ್ಯಕ್ತಿಯಲ್ಲ ಎಂಬುದೇ ಈ ಇತಿಹಾಸದ ಪಾಠ. ನಾಳೆ ಎಂಜಿನಿಯರ್, ವಕೀಲ, ಪೊಲೀಸ್ ಅಧಿಕಾರಿಗಳಾಗಲಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು. ಸಮಯ, ಪೋರ್ಟ್ ಸಂಖ್ಯೆ ಮತ್ತು ಸರಿಯಾದ ದಾಖಲೆ ಇಲ್ಲದೆ ಯಾರತ್ತಲೂ ಬೆರಳು ತೋರಿಸಲಾಗದು.