ಕೂಸು ಹುಟ್ಟುವ ಮುನ್ನವೇ ಕುಲಾವಿ: ಆ್ಯಪ್ ಟೂಲ್‌ಕಿಟ್‌ಗಳ ‘ಬರಲಿರುವ’ ಸೌಲಭ್ಯಗಳನ್ನು ಎಷ್ಟು ನಂಬಬಹುದು?

ಹುಬ್ಬಳ್ಳಿ: ಮೊಬೈಲ್ ಆ್ಯಪ್ ರೂಪಿಸುವ ನಾಲ್ವರು ಒಂದೆಡೆ ಸೇರಿದರೆ ಮಾತು ತಿರುಗುವುದು ಒಂದೇ ಪ್ರಶ್ನೆಯ ಸುತ್ತ: ಮುಂದಿನ ಆವೃತ್ತಿಯಲ್ಲಿ ಏನು ಬರಲಿದೆ? ತಂತ್ರಜ್ಞರ ಪಾಲಿಗೆ ಇದು ಬರೀ ಹರಟೆಯಲ್ಲ. ಬರಲಿದೆ ಎಂದು ನಂಬಿ ಕೆಲಸ ಒಪ್ಪಿಕೊಂಡ ಸೌಲಭ್ಯ ಬಾರದೇ ಹೋದರೆ ನಷ್ಟವಾಗುವುದು ತಂಡದ ದುಡಿಮೆ ಮತ್ತು ಗ್ರಾಹಕನ ಹಣ.

ಅವಳಿ ನಗರದಲ್ಲಿ ಈ ವೃತ್ತಿಗೆ ಬೇಕಾದ ನೆಲೆ ಸಿದ್ಧವಾಗಿದೆ. 1947ರಲ್ಲಿ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಾಗಿ ಆರಂಭವಾದ ಸಂಸ್ಥೆ ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಧಾರವಾಡಕ್ಕೆ 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಬಂದವು. ಹೊಸ ಉದ್ಯಮಗಳಿಗೆ ಹುಬ್ಬಳ್ಳಿಯಲ್ಲಿ ದೇಶಪಾಂಡೆ ಸ್ಟಾರ್ಟಪ್ಸ್ ನೆರವಾಗುತ್ತಿದೆ. ಬೃಹತ್ ಕಂಪೆನಿಗಳಂತೆ ತಪ್ಪು ಲೆಕ್ಕವನ್ನು ಭರಿಸುವ ಶಕ್ತಿ ಇಬ್ಬರು ಮೂವರ ಸಣ್ಣ ತಂಡಗಳಿಗೆ ಇರುವುದಿಲ್ಲ. ಆದ್ದರಿಂದ ಊಹೆ ಯಾವುದು, ಖಚಿತ ಯಾವುದು ಎಂಬುದರ ಅರಿವು ಅವಶ್ಯ.

ಏನಿದು ಟೂಲ್‌ಕಿಟ್?

ಪರದೆ, ಗುಂಡಿ, ಪಟ್ಟಿ, ಅಕ್ಷರ ಮೊದಲಾದವನ್ನು ಪ್ರತಿ ಆ್ಯಪ್‌ಗೂ ಮೊದಲಿನಿಂದ ಬರೆಯಬೇಕಿಲ್ಲ. ಸಿದ್ಧ ಭಾಗಗಳನ್ನೂ ಅವುಗಳನ್ನು ಜೋಡಿಸುವ ಸಾಧನಗಳನ್ನೂ ಒಟ್ಟಿಗೆ ಒದಗಿಸುವ ತಂತ್ರಾಂಶವೇ ಟೂಲ್‌ಕಿಟ್. ಒಮ್ಮೆ ಬರೆದು ಆಂಡ್ರಾಯ್ಡ್ ಹಾಗೂ ಐಫೋನ್ ಎರಡರಲ್ಲೂ ಓಡಿಸುವ ಅನುಕೂಲ ಕೆಲವು ಟೂಲ್‌ಕಿಟ್‌ಗಳಲ್ಲಿದೆ. 2015ರಲ್ಲಿ ಫೇಸ್‌ಬುಕ್ ಹೊರತಂದ ರಿಯಾಕ್ಟ್ ನೇಟಿವ್ ಮತ್ತು 2018ರ ಡಿಸೆಂಬರ್‌ನಲ್ಲಿ ಗೂಗಲ್ 1.0 ಆವೃತ್ತಿ ಬಿಡುಗಡೆ ಮಾಡಿದ ಫ್ಲಟರ್ ಇವುಗಳಲ್ಲಿ ಪ್ರಮುಖವಾದವು. ಫ್ಲಟರ್‌ಗೆ ಬಳಸುವ ಭಾಷೆ ಡಾರ್ಟ್.

ನಾಲ್ಕು ಮೆಟ್ಟಿಲು

ಈ ಟೂಲ್‌ಕಿಟ್‌ಗಳು ಮುಕ್ತ ತಂತ್ರಾಂಶಗಳಾದ್ದರಿಂದ ಮುಂದಿನ ಯೋಜನೆಗಳ ಚರ್ಚೆ ಬಹುಪಾಲು ಬಹಿರಂಗವಾಗಿಯೇ ನಡೆಯುತ್ತದೆ. ಒಂದು ಸೌಲಭ್ಯ ಸಾಮಾನ್ಯವಾಗಿ ನಾಲ್ಕು ಮೆಟ್ಟಿಲು ಏರಬೇಕು: ಬಳಕೆದಾರರ ಬೇಡಿಕೆ, ಲಿಖಿತ ಪ್ರಸ್ತಾವ, ಪ್ರಾಯೋಗಿಕ ಆವೃತ್ತಿ ಮತ್ತು ಸ್ಥಿರ ಆವೃತ್ತಿ. ಮೊದಲ ಮೂರರಲ್ಲಿ ಯಾವ ಹಂತದಲ್ಲಾದರೂ ಅದು ನಿಂತುಹೋಗಬಹುದು. ಮೂರನೆಯ ಮೆಟ್ಟಿಲಿನಲ್ಲಿ ಇರುವುದನ್ನೇ ನಾಲ್ಕನೆಯದೆಂದು ಭಾವಿಸುವುದರಿಂದ ಹೆಚ್ಚಿನ ಎಡವಟ್ಟು ಸಂಭವಿಸುತ್ತದೆ.

ಕೈಕೊಟ್ಟ ‘ಮ್ಯಾಕ್ರೋ’

ಇದಕ್ಕೆ ಡಾರ್ಟ್ ಭಾಷೆಯ ಮ್ಯಾಕ್ರೋ ಪ್ರಕರಣ ತಕ್ಕ ನಿದರ್ಶನ. ಅಮರಗೋಳದ ಎಪಿಎಂಸಿ ವರ್ತಕರೊಬ್ಬರಿಗೆ ಆವಕ, ದರ, ಬಾಕಿ ತೋರಿಸುವ ಆ್ಯಪ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಸರ್ವರ್‌ನಿಂದ ಬರುವ ಪ್ರತಿಯೊಂದು ಮಾಹಿತಿಯನ್ನೂ ಆ್ಯಪ್‌ಗೆ ಅರ್ಥವಾಗುವ ರೂಪಕ್ಕೆ ತರಲು ಒಂದೇ ಬಗೆಯ ಸಾಲುಗಳನ್ನು ಮತ್ತೆ ಮತ್ತೆ ಬರೆಯಬೇಕು, ಇಲ್ಲವೇ ಅವನ್ನು ಸೃಷ್ಟಿಸಿಕೊಡುವ ಪ್ರತ್ಯೇಕ ಸಾಧನವನ್ನು ಓಡಿಸಬೇಕು. ಮ್ಯಾಕ್ರೋ ಬಂದರೆ ಭಾಷೆಯೇ ಈ ಕೆಲಸವನ್ನು ಮಾಡಿಕೊಳ್ಳುತ್ತದೆ ಎಂಬುದು ತಂತ್ರಜ್ಞರ ಬಹುದಿನದ ನಿರೀಕ್ಷೆಯಾಗಿತ್ತು.

2024ರ ಮೇ ತಿಂಗಳಲ್ಲಿ ಗೂಗಲ್ ಇದರ ಪ್ರಾಯೋಗಿಕ ರೂಪವನ್ನು ಪ್ರಕಟಿಸಿತು. ಸ್ಥಿರ ಆವೃತ್ತಿ ಇನ್ನೇನು ಬಂದೀತು ಎಂಬ ಲೆಕ್ಕಾಚಾರಗಳು ಗರಿಗೆದರಿದವು. ಆದರೆ 2025ರ ಜನವರಿಯಲ್ಲಿ ಡಾರ್ಟ್ ತಂಡವೇ ಈ ಕಾರ್ಯವನ್ನು ಕೈಬಿಟ್ಟಿತು. ಮ್ಯಾಕ್ರೋಗಳು ಪ್ರೋಗ್ರಾಮನ್ನು ಆಳವಾಗಿ ಪರಿಶೀಲಿಸಬೇಕಾದ್ದರಿಂದ ಸಂಕಲನ ನಿಧಾನವಾಗುತ್ತಿತ್ತು. ಬದಲಾವಣೆಯನ್ನು ತಕ್ಷಣ ಪರದೆಯ ಮೇಲೆ ತೋರಿಸುವ ಫ್ಲಟರ್‌ನ ಹೆಗ್ಗಳಿಕೆಗೇ ಅದರಿಂದ ಧಕ್ಕೆಯಾಗುವಂತಿತ್ತು. ಮ್ಯಾಕ್ರೋ ಬರುತ್ತದೆಂದು ಹಳೆಯ ಸಾಧನವನ್ನು ದೂರವಿಟ್ಟವರು ಮತ್ತೆ ಅದಕ್ಕೇ ಮರಳಬೇಕಾಯಿತು.

ತಡವಾಗಿ ಬಂದದ್ದು, ಬೇರೆಡೆ ಸಿಕ್ಕಿದ್ದು

ಎಲ್ಲ ನಿರೀಕ್ಷೆಗಳೂ ಹುಸಿಯಾಗಿಲ್ಲ. ಫ್ಲಟರ್ ಆ್ಯಪ್‌ಗಳಲ್ಲಿ ಚಲಿಸುವ ದೃಶ್ಯಗಳು ಮೊದಲ ಬಾರಿ ಮೂಡುವಾಗ ತಡವರಿಸುವ ದೋಷವನ್ನು ನೀಗಲು ‘ಇಂಪೆಲ್ಲರ್’ ಎಂಬ ಹೊಸ ಚಿತ್ರಣ ಯಂತ್ರ ರೂಪುಗೊಂಡಿತು. ಅದು 2023ರ ಮೇ ತಿಂಗಳಲ್ಲಿ ಐಫೋನ್‌ಗೂ, 2024ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್‌ನ ಹೊಸ ಫೋನ್‌ಗಳಿಗೂ ಸಹಜ ಆಯ್ಕೆಯಾಯಿತು. ರಿಯಾಕ್ಟ್ ನೇಟಿವ್‌ನ ಹೊಸ ಒಳರಚನೆ 2018ರಲ್ಲಿ ಘೋಷಣೆಯಾಗಿ, ಎಲ್ಲ ಹೊಸ ಆ್ಯಪ್‌ಗಳಿಗೆ ಅನ್ವಯವಾದದ್ದು 2024ರ ಅಕ್ಟೋಬರ್‌ನ 0.76ನೇ ಆವೃತ್ತಿಯಲ್ಲಿ. ಆರು ವರ್ಷಗಳ ಕಾಯುವಿಕೆ!

ಮೂಲ ತಂಡ ಒಲ್ಲೆ ಎಂದದ್ದು ಬೇರೆಡೆ ದೊರೆತದ್ದೂ ಉಂಟು. ಅಂಗಡಿಯ ಮೂಲಕ ಹೊಸ ಆವೃತ್ತಿ ಕಳುಹಿಸದೆಯೇ ಆ್ಯಪ್‌ನ ದೋಷ ತಿದ್ದುವ ಸೌಲಭ್ಯಕ್ಕೆ ಫ್ಲಟರ್ ಬಳಕೆದಾರರಿಂದ ಭಾರಿ ಬೇಡಿಕೆಯಿತ್ತು. ಗೂಗಲ್ ತಂಡ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಫ್ಲಟರ್‌ನ ಸ್ಥಾಪಕರಲ್ಲೊಬ್ಬರಾದ ಎರಿಕ್ ಸೀಡೆಲ್ ಹೊರಬಂದು ಕಟ್ಟಿದ ಶೋರ್‌ಬರ್ಡ್ ಸಂಸ್ಥೆ ಅದನ್ನು ಒದಗಿಸಿತು.

ಇನ್ನು ಟೂಲ್‌ಕಿಟ್ಟೇ ಕಣ್ಮರೆಯಾಗುವ ಭೀತಿ. ಮೈಕ್ರೋಸಾಫ್ಟ್‌ನ ಝಾಮರಿನ್‌ಗೆ ಬೆಂಬಲ 2024ರ ಮೇ 1ಕ್ಕೆ ಕೊನೆಗೊಂಡಿತು. ಅದರ ಉತ್ತರಾಧಿಕಾರಿ ಮಾಯಿ 2021ರ ನವೆಂಬರ್‌ಗೆ ಬರಬೇಕಿದ್ದು, ಬಂದದ್ದು 2022ರ ಮೇ ತಿಂಗಳಿಗೆ. 2024ರಲ್ಲಿ ಗೂಗಲ್ ಉದ್ಯೋಗ ಕಡಿತ ಫ್ಲಟರ್ ತಂಡವನ್ನೂ ತಟ್ಟಿದಾಗ ಅದರ ಕಥೆಯೂ ಮುಗಿಯಿತೆಂಬ ವದಂತಿ ಹಬ್ಬಿತು. ಆದರೆ ಅದೇ ಮೇ ತಿಂಗಳಲ್ಲಿ 3.22ನೇ ಆವೃತ್ತಿ ಬಂತು, ಬಿಡುಗಡೆಗಳು ಮುಂದುವರಿದವು.

ಕನ್ನಡದ ಪಾಲೇನು?

ಜಗತ್ತಿನ ಬಹುತೇಕ ಊಹಾಪೋಹ ವೇಗ ಮತ್ತು ಅಂದದ ಬಗ್ಗೆ. ಕನ್ನಡ ಆ್ಯಪ್ ರೂಪಿಸುವವರಿಗೆ ಮಾತ್ರ ಅಕ್ಷರದ ಪ್ರಶ್ನೆಯೂ ಅಷ್ಟೇ ಮುಖ್ಯ. ಆಂಡ್ರಾಯ್ಡ್‌ನಲ್ಲಿ ಕನ್ನಡ ಲಿಪಿಗೆ ಅಧಿಕೃತ ಬೆಂಬಲ ದೊರೆತದ್ದು 2012ರ 4.1ನೇ ಆವೃತ್ತಿಯಲ್ಲಿ. ಐಫೋನ್‌ಗೆ ಕನ್ನಡ ಕೀಲಿಮಣೆ ಬಂದದ್ದು 2017ರ ಐಒಎಸ್ 11ರಲ್ಲಿ. ಫ್ಲಟರ್ ತನ್ನ ಅಕ್ಷರಗಳನ್ನು ತಾನೇ ಬಿಡಿಸಿಕೊಳ್ಳುವುದರಿಂದ ಒತ್ತಕ್ಷರ ಸರಿಯಾಗಿ ಕೂರುವುದು ಆ ಟೂಲ್‌ಕಿಟ್‌ನ ಹೊಣೆಯೂ ಆಗುತ್ತದೆ.

ಅಕ್ಷರ ಎಣಿಕೆಯ ತೊಡಕು ಇನ್ನೂ ಸೂಕ್ಷ್ಮವಾದುದು. ‘ಸ್ತ್ರೀ’ ಎಂಬುದು ಓದುಗನಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸಾಲು. ಇಂತಹ ಸಂಯುಕ್ತಾಕ್ಷರಗಳನ್ನು ಒಡೆಯದೆ ಒಂದೇ ಘಟಕವಾಗಿ ಎಣಿಸುವ ನಿಯಮ 2023ರ ಸೆಪ್ಟೆಂಬರ್‌ನ ಯೂನಿಕೋಡ್ 15.1ರಲ್ಲಿ ಸೇರಿತು. ಅಂದು ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಆ ಎಣಿಕೆಯಂತೆ ‘ಸ್ತ್ರೀ’ ಮೂರು ಘಟಕವಾಗುತ್ತದೆ. ಪರದೆಯಲ್ಲಿ ಜಾಗ ಸಾಲದೆಂದು ‘ಸ್ತ್ರೀಶಕ್ತಿ ಸಂಘ’ ಎಂಬ ಖಾತೆಯ ಹೆಸರನ್ನು ಮೊದಲ ಘಟಕಕ್ಕೆ ಕತ್ತರಿಸಿದರೆ ಉಳಿಯುವುದು ಬರೀ ‘ಸ್’.

ಇಂತಹ ಕೊರತೆ ಹೊರಗಿನವರ ಕಣ್ಣಿಗೆ ತಾನಾಗಿ ಬೀಳದು. ಮೊದಲ ಮೆಟ್ಟಿಲಿನಲ್ಲೇ ಬೇಡಿಕೆ ದಾಖಲಿಸಿ, ದೋಷ ಕಾಣುವ ಪದಗಳ ಉದಾಹರಣೆ ಒದಗಿಸುವ ಕೆಲಸ ಕನ್ನಡ ಬಲ್ಲ ತಂತ್ರಜ್ಞರಿಂದಲೇ ಆಗಬೇಕು. ಬೇರೆಯವರ ಊಹೆಗಳನ್ನು ಓದುತ್ತ ಕೂರುವುದಕ್ಕಿಂತ ಇದು ಫಲಪ್ರದ.

ಊಹೆಗಿಂತ ಕಡ್ಡಾಯ ಮೊದಲು

ಬರಬಹುದಾದ ಸೌಲಭ್ಯದ ಚರ್ಚೆಯಲ್ಲಿ ಬಂದೇ ತೀರುವ ನಿಯಮ ಮರೆಯಬಾರದು. ಗೂಗಲ್ ಪ್ಲೇಗೆ ಸೇರಿಸುವ ಹೊಸ ಫೋನ್ ಆ್ಯಪ್‌ಗಳೂ ಪರಿಷ್ಕೃತ ಆವೃತ್ತಿಗಳೂ ಆಂಡ್ರಾಯ್ಡ್ 15 ಅನ್ನು ಗುರಿಯಾಗಿಸಿಕೊಂಡಿರಬೇಕೆಂಬ ನಿಯಮ 2025ರ ಆಗಸ್ಟ್ 31ರಿಂದ ಜಾರಿಗೆ ಬಂತು. ನವೆಂಬರ್ 1ರಿಂದ ಅಂತಹ ಆ್ಯಪ್‌ಗಳು 16 ಕೆಬಿ ಸ್ಮೃತಿಪುಟಗಳಿಗೂ ಹೊಂದಿಕೊಳ್ಳಬೇಕಾಯಿತು. ಇವಕ್ಕಾಗಿ ಟೂಲ್‌ಕಿಟ್‌ನ ಹೊಸ ಸ್ಥಿರ ಆವೃತ್ತಿಗೆ ಏರುವುದು ಅನಿವಾರ್ಯ. ಆ ಕೆಲಸದ ದಿನಗಳನ್ನು ಗ್ರಾಹಕನಿಗೆ ಕೊಡುವ ಅಂದಾಜಿನಲ್ಲೇ ಸೇರಿಸುವುದು ಒಳಿತು.

ಒಟ್ಟಿನಲ್ಲಿ ನಿಯಮ ಸರಳ. ಗ್ರಾಹಕನಿಗೆ ಮಾತು ಕೊಡುವುದು ಸ್ಥಿರ ಆವೃತ್ತಿಯಲ್ಲಿ ಇರುವುದರ ಮೇಲೆ. ಪ್ರಾಯೋಗಿಕವಾದುದನ್ನು ಬಿಡುವಿನಲ್ಲಿ ಪರೀಕ್ಷಿಸಿ ನೋಡುವುದು. ಪ್ರಸ್ತಾವಗಳಲ್ಲಿ ಕನ್ನಡದ ದನಿ ಸೇರಿಸುವುದು. ಕುಲಾವಿಯ ಬಟ್ಟೆ ಆರಿಸಿಡಲು ಅಡ್ಡಿಯಿಲ್ಲ. ಹೊಲಿಯುವುದು ಮಾತ್ರ ಕೂಸು ಹುಟ್ಟಿದ ಮೇಲಾಗಲಿ.