ಕೊಕ್ಕೆಯಿಂದ ಕೊಳವೆಗೆ

ಅಡಿಕೆ ಮರದಿಂದ ಕೊನೆಗೌಡ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡರೆ ಭಟ್ಕಳ, ಹೊನ್ನಾವರ, ಕುಮಟಾದ ಜನ ಹೊರಡುವುದು ಮಂಗಳೂರಿಗೆ, ಇಲ್ಲವೇ 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಸ್ಥಾಪನೆಯಾದ ಮಣಿಪಾಲಕ್ಕೆ. ಕುಮಟಾದಿಂದ ಮಣಿಪಾಲ ಸುಮಾರು 150 ಕಿ.ಮೀ. ಅಲ್ಲಿನ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗಾಯದ ಬಾಯಿಯನ್ನು ಅಗಲಿಸಿ ಹಿಡಿಯುವ ಸಲಕರಣೆಯೊಂದಿರುತ್ತದೆ. ಅದರ ಹೆಸರು ರಿಟ್ರ್ಯಾಕ್ಟರ್. ನೋಡಲು ಸಾಮಾನ್ಯ, ಚರಿತ್ರೆ ಮಾತ್ರ ಸ್ವಾರಸ್ಯಕರ.

ಸುಶ್ರುತ ಸಂಹಿತೆ ಹೇಳುವ 101 ಯಂತ್ರಗಳಲ್ಲಿ 20 ನಾಡೀಯಂತ್ರಗಳು, ಅಂದರೆ ಕೊಳವೆಗಳು. ದೇಹದ ದ್ವಾರಗಳೊಳಗೆ ನೋಡಲು, ಸಿಕ್ಕಿಕೊಂಡದ್ದನ್ನು ತೆಗೆಯಲು ಅವು ಬಳಕೆಯಾಗುತ್ತಿದ್ದವು. ಬೆನ್ನಿಗೆ ಕೊಳವೆ ಬಂದದ್ದು ಬಹಳ ತಡವಾಗಿ.

ಕಶೇರುಗಳ ನಡುವಿನ ಮೆತ್ತೆ ಜಾರಿ ನರವನ್ನು ಒತ್ತಿದರೆ ಕಾಲಿನವರೆಗೂ ನೋವು ಇಳಿಯುತ್ತದೆಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಆ ಮೆತ್ತೆಯನ್ನು ತೆಗೆಯಲು ಬೆನ್ನನ್ನು ಉದ್ದಕ್ಕೆ ಸೀಳಿ, ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ, ಕೊಕ್ಕೆಗಳಿಂದ ಎಳೆದು ಹಿಡಿಯಬೇಕಿತ್ತು. ವಿದ್ಯಾರ್ಥಿಗಳೇ, ಇಲ್ಲಿ ನಿಮ್ಮ ಭೌತಶಾಸ್ತ್ರವನ್ನು ನೆನೆಯಿರಿ: ಕಿರಿದಾದ ಅಲಗಿನ ಮೇಲೆ ಬಲ ಬಿದ್ದರೆ ಒತ್ತಡ ಹೆಚ್ಚು. ಒತ್ತಿದ ಸ್ನಾಯುವಿಗೆ ರಕ್ತ ಸಾಲದು. ಹೊತ್ತು ಹೆಚ್ಚಿದಷ್ಟೂ ಹಾನಿ ಹೆಚ್ಚು. ನರ ಬಿಡುಗಡೆಯಾದರೂ ಬೆನ್ನು ನೋಯುತ್ತಲೇ ಇರಬಹುದು.

1977ರಲ್ಲಿ ಯಾಸರ್ಗಿಲ್ ಮತ್ತು ಕಾಸ್ಪರ್ ಸೂಕ್ಷ್ಮದರ್ಶಕದ ನೆರವಿನ ಚಿಕಿತ್ಸೆಯನ್ನು ವರದಿ ಮಾಡಿದ ಮೇಲೆ ಗಾಯ ಚಿಕ್ಕದಾಯಿತು. 1997ರಲ್ಲಿ ಫೋಲಿ ಮತ್ತು ಸ್ಮಿತ್ ಕೊಳವೆಯನ್ನೇ ರಿಟ್ರ್ಯಾಕ್ಟರ್ ಮಾಡಿದರು. ಕ್ಷ-ಕಿರಣದಲ್ಲಿ ಜಾಗ ಗುರುತಿಸಿ, ಸಣ್ಣ ಕೊಳವೆಯ ಮೇಲೆ ಅದಕ್ಕಿಂತ ದೊಡ್ಡದು, ಅದರ ಮೇಲೆ ಇನ್ನೂ ದೊಡ್ಡದು ಎಂದು ಇಳಿಸುತ್ತಾರೆ. ಸ್ನಾಯುವಿನ ಎಳೆಗಳು ತುಂಡಾಗದೆ ಸರಿದು ದಾರಿ ಬಿಡುತ್ತವೆ. ಕೊನೆಯ ಕೊಳವೆಯನ್ನು ಮೇಜಿಗೆ ಬಿಗಿದ ತೋಳಿಗೆ ಕಟ್ಟಿ, ಒಳಗಿನವನ್ನು ಹೊರತೆಗೆಯುತ್ತಾರೆ. ಹೆಬ್ಬೆರಳಿನಷ್ಟು ಅಗಲದ ಆ ಕಿಂಡಿಯಲ್ಲೇ ಎಲ್ಲ ಕೆಲಸ.

ಇದೇ ಶ್ರೇಷ್ಠ ಎಂದುಕೊಳ್ಳುವವರು 2009ರ ಡಚ್ ಅಧ್ಯಯನವನ್ನು ನೋಡಬೇಕು. 328 ರೋಗಿಗಳಲ್ಲಿ ಕೊಳವೆಯ ವಿಧಾನವನ್ನು ಸೂಕ್ಷ್ಮದರ್ಶಕದ ಹಳೆಯ ವಿಧಾನದೊಂದಿಗೆ ಹೋಲಿಸಿದಾಗ, ವರ್ಷದ ಕೊನೆಗೆ ಕೊಳವೆ ಮೇಲಾಗಿರಲಿಲ್ಲ. ಕಾಲು, ಬೆನ್ನಿನ ನೋವಿನಲ್ಲಿ ಹಳೆಯದೇ ಕೊಂಚ ವಾಸಿ. ಜಾರಿದ ಮೆತ್ತೆಯ ನೋವು ಅನೇಕರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಇಳಿಯುತ್ತದೆಂಬುದನ್ನೂ ಮರೆಯಬಾರದು. ಆದರೆ ಮೂತ್ರ ಕಟ್ಟಿ, ತೊಡೆಯ ಸಂದು ಮರಗಟ್ಟಿದರೆ ತಡಮಾಡುವಂತಿಲ್ಲ. ಆಗ ಗಂಟೆಗಳ ಲೆಕ್ಕ.

ಕರಾವಳಿಯವರಿಗೆ ಆ ಗಂಟೆಗಳೆಲ್ಲ ಹೆದ್ದಾರಿಯಲ್ಲೇ ಕಳೆಯುತ್ತವೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ಉತ್ತರ ಕನ್ನಡಕ್ಕೆ ದೊಡ್ಡ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಆ ವಾರ ಮತ್ತೆ ಬೀದಿಗೆ ಬಂತು.